ಹಾಗಲಬಳ್ಳಿಗೆ ಕೊಟ್ಟ ಆಂಟೆನಾ

ಮರಳೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಹಾಗಲಬಳ್ಳಿ ಹಬ್ಬಿರುವುದು ಒಂದು ಆಂಟೆನಾದ ಮೇಲೆ. ಒಂದೂವರೆ ಮೀಟರ್ ಉದ್ದದ, ತುಕ್ಕು ಹಿಡಿಯದ ಕಡ್ಡಿ. ನಡುವೆ ಎರಡು ಕಡೆ ನುಂಗಿದ್ದು ಇಳಿಯದ ಹಾವಿನ ಹಾಗೆ ಉಬ್ಬಿಕೊಂಡಿದೆ. ಕಾರಿನ ಮೇಲೆ ನಿಂತು ಎರಡು ಬಗೆಯ ರೇಡಿಯೊ ಅಲೆಗಳಿಗೆ ಒಂದೇ ಮೈಯಲ್ಲಿ ಕಿವಿಗೊಡಲಿ ಎಂದು ಯಾರೋ ಲೆಕ್ಕ ಹಾಕಿ ಮಾಡಿದ ಕಡ್ಡಿ ಅದು. ಬಳ್ಳಿಗೆ ಆ ಲೆಕ್ಕ ತಿಳಿಯದು. ಮೊದಲ ಉಬ್ಬಿಗೆ ಒಂದು ಕುಡಿ ಸುತ್ತಿ, ಎರಡನೆಯ ಉಬ್ಬಿನ ಪಕ್ಕ ಒಂದು ಕಾಯಿ ಬಿಟ್ಟಿದೆ. ನಿನ್ನೆ ಆ ಕಾಯಿ ಕೊಯ್ಯಲು ಹೋದಾಗ ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು. ಬರೆಯದಿದ್ದರೆ ಇನ್ನೆರಡು ವರ್ಷಕ್ಕೆ, ಈ ಕಡ್ಡಿಯನ್ನು ಬಳ್ಳಿಗೆಂದೇ ತಂದೆ ಎಂದು ನಾನು ನಂಬಿಬಿಡುತ್ತೇನೆ. ನನ್ನ ನೆನಪಿಗೆ ಅಷ್ಟೂ ನಾಚಿಕೆಯಿಲ್ಲ.

ನೆನಪಿನ ಬಗ್ಗೆ ಹೀಗೆ ಹೀನಾಯವಾಗಿ ಮಾತಾಡಲು ನನಗೆ ಹಕ್ಕಿದೆ. ತುಮಕೂರಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಳತೆ ನೋಡುವ ಕೆಲಸ ಮಾಡಿದವನು ನಾನು. ಲೇತಿನಿಂದ ಇಳಿದ ಪ್ರತಿ ತುಂಡನ್ನೂ ಮೈಕ್ರೋಮೀಟರಿನ ಬಾಯಿಗೆ ಕೊಟ್ಟು ನೋಡುತ್ತಿದ್ದೆ. "ಸರಿಯಾಗೈತೆ ಸಾ, ಈಗ್ ತಾನೆ ನೋಡ್ದೆ" ಅನ್ನುವವರ ತುಂಡೇ ಹೆಚ್ಚಾಗಿ ವಾಪಸು ಹೋಗುತ್ತಿದ್ದದ್ದು. ಹಾಗಾಗಿ "ನನಗೆ ಚೆನ್ನಾಗಿ ನೆನಪಿದೆ" ಎಂದು ಯಾರಾದರೂ ಶುರು ಮಾಡಿದರೆ, ಶುರು ಮಾಡಿದವನು ನಾನೇ ಆದರೂ, ಜೇಬು ತಡವಿ ಅಳತೆಯ ಸಾಮಾನು ಹುಡುಕುತ್ತೇನೆ. ರೇಡಿಯೊದಲ್ಲಿ ಮಾತಾಡಿದ್ದೆಲ್ಲವನ್ನೂ ಅಲ್ಲೇ ಕೂತು ಬರೆದುಕೊಳ್ಳುವ ಒಂದು ಪುಸ್ತಕ ನನ್ನಲ್ಲಿದೆ. ಮುಂದೆ ಹೇಳುವುದರಲ್ಲಿ ಆ ಪುಸ್ತಕದಲ್ಲಿರುವುದನ್ನು ನಂಬಿ. ಉಳಿದದ್ದಕ್ಕೆ ನಾನು ಹೊಣೆಯಲ್ಲ.

ಹವ್ಯಾಸಿ ರೇಡಿಯೊ ಎಂಬ ಈ ಗೀಳು ನನಗೆ ಹಿಡಿಸಿದವರು ರುದ್ರಣ್ಣ. ನಮ್ಮ ಕಾರ್ಖಾನೆಯಲ್ಲಿ ಲೇತು ನಡೆಸುವ ಟರ್ನರ್, ನನಗಿಂತ ಹದಿನೈದು ವರ್ಷ ದೊಡ್ಡವರು, ಊರು ಹುಲಿಯೂರುದುರ್ಗ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕೈಯಲ್ಲಿ ಸ್ಪ್ಯಾನರು, ಬಾಯಲ್ಲಿ ಮಾತಿಲ್ಲ. ಲೇತಿನ ಸದ್ದಿನಲ್ಲಿ ಮಾತಾಡಿ ಏನೂ ಸುಖವಿಲ್ಲ ಎಂದು ಪ್ರಾಯದಲ್ಲೇ ತೀರ್ಮಾನಿಸಿದ್ದವರು, ಲೇತು ನಿಂತ ಮೇಲೂ ಆ ತೀರ್ಮಾನ ಬದಲಿಸಲಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ಲೇತಿನ ಹಾಸಿನ ಮೇಲೆ ಸ್ಪ್ಯಾನರಿನಿಂದ ಟಕ್, ಟಕಟಕ್ ಎಂದು ಕುಟ್ಟುತ್ತಾ ಕೂತಿದ್ದರು. ಏನೋ ಕೆಟ್ಟಿದೆ ಎಂದುಕೊಂಡು ಹತ್ತಿರ ಹೋದೆ.

"ಮೋರ್ಸು," ಎಂದರು.

ಆ ವಾರವೆಲ್ಲ ಅವರು ಆಡಿದ ಮಾತು ಅದೊಂದೇ. ಸ್ಪ್ಯಾನರ್ ಬಡಿತದಲ್ಲೇ ಅವರು ನನಗೆ ಅಕ್ಷರ ಕಲಿಸಿ, ಪರೀಕ್ಷೆ ಕಟ್ಟಿಸಿ, ಲೈಸೆನ್ಸ್ ಕೊಡಿಸಿದರು.

ಮೊದಲ ಸಲ ಅವರನ್ನು ರೇಡಿಯೊದಲ್ಲಿ ಕೇಳಿದಾಗ ಬೇರೆ ಯಾರೋ ಅವರ ಹೆಸರಿನಲ್ಲಿ ಮಾತಾಡುತ್ತಿದ್ದಾರೆ ಅಂದುಕೊಂಡೆ. ಅಷ್ಟು ಮಾತು! ದುರ್ಗದ ಬೆಟ್ಟದ ತಲೆಗೆ ಮೋಡ ಸುತ್ತಿದ್ದು, ಹುರುಳಿಸಾರಿಗೆ ಬೆಳ್ಳುಳ್ಳಿ ಎಷ್ಟು ಜಜ್ಜಬೇಕು ಎಂಬುದು, ಮನೆಯ ಎಮ್ಮೆಯ ಸಿಟ್ಟು, ಎದುರು ಮನೆಯವನ ಹೊಸ ಗೇಟಿನ ಕೀರಲು. ಮಾತು ಮುಗಿದಾಗ 'ಓವರ್' ಅನ್ನಬೇಕಲ್ಲ, ಅದನ್ನು ಕಾಲು ಗಂಟೆ ಮರೆತೇಬಿಡುವರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅದೇ ಕೈಯಲ್ಲಿ ಮೈಕು ಹಿಡಿಯುತ್ತಿದ್ದರಿಂದ ಆ ಮೈಕಿಗೂ ವಿಭೂತಿ ಮೆತ್ತಿಕೊಂಡಿತ್ತು. ಒಂದು ವಿಷಯದಲ್ಲಿ ಮಾತ್ರ ಅವರು ಗಾಳಿಯಲ್ಲೂ ಟರ್ನರೇ. ಎದುರಿನವರ ದನಿ ಎಷ್ಟು ಸ್ಪಷ್ಟ, ಎಷ್ಟು ಜೋರು ಎಂದು ಎರಡು ಅಂಕಿಗಳಲ್ಲಿ ಹೇಳುವ ಪದ್ಧತಿ ನಮ್ಮಲ್ಲಿದೆ. ಐದು–ಒಂಬತ್ತು ಎಂದರೆ ಪೂರ್ಣ. ಮದುವೆಮನೆಯಲ್ಲಿ ಅಕ್ಷತೆ ಹಾಕುವ ಹಾಗೆ ಎಲ್ಲರೂ ಎಲ್ಲರಿಗೂ ಐದು–ಒಂಬತ್ತು ಹಾಕಿಬಿಡುತ್ತಾರೆ. ರುದ್ರಣ್ಣ ಹಾಕುವವರಲ್ಲ. ಇಪ್ಪತ್ತು ವರ್ಷದಲ್ಲಿ ನನಗೆ ಅವರು ಕೊಟ್ಟ ಅತಿ ಹೆಚ್ಚು ಐದು–ಎಂಟು, ಅದೂ ಒಂದು ಸಲ. ಪುಸ್ತಕದಲ್ಲಿದೆ.

ಫೋನ್ ಇಲ್ಲವೇನಯ್ಯ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ, ಬೇಜಾರಿಲ್ಲ. ಫೋನ್ ಇದೆ. ಅವರ ಮಗಳು ಎತ್ತಿ ಅಪ್ಪನ ಕೈಗೆ ಕೊಡುತ್ತಾಳೆ.

"ಹೆಂಗಿದೀರಿ ರುದ್ರಣ್ಣ?"

"ಹೂಂ."

"ಮಂಡಿ ನೋವು?"

"ಐತೆ."

"ಊಟ ಆಯ್ತಾ?"

"ಪೋನ್ ಇಡ್ತೀನಿ."

ಮನೆಗೇ ಹೋದರೂ ಅಷ್ಟೇ. ಮಗಳು ಮುದ್ದೆ ಬಡಿಸುತ್ತಾಳೆ, ಅವರು ಎದುರು ಕೂತು ನಾನು ನುಂಗುವುದನ್ನು ನೋಡುತ್ತಾರೆ. ನಾನು ಎದ್ದು ಬರುತ್ತೇನೆ. ಮುಂದಿನ ಬುಧವಾರ ರೇಡಿಯೊದಲ್ಲಿ, "ಅವತ್ತು ನೀನು ಬಂದಿದ್ದು ಬಾಳ ಸಂತೋಸ ಆಯ್ತು ಕಣೋ ಪರಮೇಶಿ, ಮೂರು ದಿನ ಅದೇ ಗ್ಯಾನ" ಎಂದು ಶುರು ಮಾಡಿ, ಅವತ್ತು ಎದುರಿಗೆ ಆಡಬಹುದಾಗಿದ್ದ ಮಾತನ್ನೆಲ್ಲ ಆಡುತ್ತಾರೆ. ಅವರು ಸಿಗುವುದು ಅಲ್ಲಿ ಮಾತ್ರ.

ಆ 'ಅಲ್ಲಿ' ಎಂಬ ಜಾಗ ಹೋದ ವರ್ಷ ಕುಸಿಯಿತು. ತುಮಕೂರಿನ ಹತ್ತಿರದ ಬೆಟ್ಟವೊಂದರ ಮೇಲೆ, ನಮ್ಮ ಸಣ್ಣ ದನಿಗಳನ್ನು ಕೇಳಿಸಿಕೊಂಡು ಜೋರಾಗಿ ಮತ್ತೆ ಕೂಗುವ ರಿಪೀಟರ್ ಎಂಬ ಪೆಟ್ಟಿಗೆಯಿತ್ತು. ಅದಕ್ಕೆ ಸಿಡಿಲು ಹೊಡೆಯಿತು. ರಿಪೇರಿಯ ಬಗ್ಗೆ ನಮ್ಮವರು ಸಭೆ ಸೇರಿದರು, ಬೋಂಡ ತಿಂದರು, ಮತ್ತೆ ಸೇರೋಣ ಎಂದರು. ಅದೇ ಸುಮಾರಿಗೆ ರುದ್ರಣ್ಣನ ಮಾಳಿಗೆಯ ಮೇಲೆ ಆಂಟೆನಾ ಹೊತ್ತಿದ್ದ ಎತ್ತರದ ಪೈಪು ಗಾಳಿಗೆ ಬಗ್ಗಿ ನೆಲ ಹಿಡಿಯಿತು. ನಾನು ಬಂದು ಏರಿಸುತ್ತೇನೆ ಎಂದರೆ, "ನನ್ ಪೈಪು ನಾನೇ ಏರ್ಸ್ಬೇಕು. ನೀನು ಹತ್ತಿ ಬಿದ್ರೆ ನಿನ್ ಹೆಂಡ್ತಿ ಗಿರಿಜಮ್ಮಂಗೆ ನಾನೇನ್ ಹೇಳ್ಲಿ?" ಎಂದು ಮಗಳ ಬಾಯಲ್ಲಿ ಹೇಳಿಸಿ ಮುಗಿಸಿದರು. ಮಂಡಿ ಏರಲು ಒಪ್ಪುವುದಿಲ್ಲ, ಮನಸ್ಸು ಇಳಿಯಲು ಒಪ್ಪುವುದಿಲ್ಲ. ಉಳಿದದ್ದು ಕೈಯಲ್ಲಿ ಹಿಡಿಯುವ ಒಂದು ಸಣ್ಣ ಸೆಟ್ಟು. ಅದರ ದನಿ ತುಮಕೂರು ಮುಟ್ಟುವುದಿಲ್ಲ.

ಆದರೆ ನಾವು ಗಾಳಿಯಲ್ಲಿ ಸೇರುವ ಬುಧವಾರವಿತ್ತು. ನನ್ನ ಹೆಂಡತಿ ಗಿರಿಜಾ ಕುಣಿಗಲ್ ದಾಟಿ ಹುಲಿಯೂರುದುರ್ಗದ ರಸ್ತೆಯಲ್ಲಿರುವ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ದಿನಾ ತನ್ನ ಕಾರಿನಲ್ಲಿ ತಾನೇ ಓಡಿಸಿಕೊಂಡು ಹೋಗುತ್ತಾಳೆ. ರಿಟೈರಾದ ಮೇಲೆ ಬುಧವಾರ ನಾನೂ ಪಕ್ಕದಲ್ಲಿ ಕೂತು ಹೋಗಿ, ಶಾಲೆಯಿಂದ ಬಸ್ಸು ಹಿಡಿದು ವಾಪಸು ಬರುತ್ತೇನೆ. ಎಂಟೂವರೆಗೆ ರುದ್ರಣ್ಣ ಸೆಟ್ಟು ಹಿಡಿಯುವ ಹೊತ್ತಿಗೆ ನಮ್ಮ ಕಾರು ಅವರ ಬೆಟ್ಟಕ್ಕೆ ಹತ್ತಿರವೇ ಇರುತ್ತದೆ. ಆದರೆ ಕಾರು ಎಂದರೆ ತಗಡಿನ ಡಬ್ಬಿ. ಅದರೊಳಗೆ ಕೂತು ಕೈಸೆಟ್ಟಿನಲ್ಲಿ ಮಾತಾಡುವುದು ಡಬ್ಬಿಯ ಮುಚ್ಚಳ ಹಾಕಿಕೊಂಡು ಕೂಗಿದ ಹಾಗೆ. ಅಂಥ ಒಂದು ಬುಧವಾರ ಅವರ ದನಿ ಚೂರು ಚೂರಾಗಿ ಬಂತು:

"…ಪರಮೇಶಿ… ಇದೀಯೇನ್ಲಾ… ಗೋಡೆ ಜೊತೆ ಮಾತಾಡ್ದಂಗೆ ಆಗೈತೆ… ಇನ್ ಮೂರು ಬುಧ್ವಾರ ನೋಡ್ತೀನಿ… ಯಾರೂ ಸಿಗ್ನಿಲ್ಲ ಅಂದ್ರೆ ಸೆಟ್ಟು ಎತ್ತಿಟ್ಟು…"

ಆಮೇಲೆ ಬರೀ ಗೊರಗೊರ. ನಾನು ಕೂಗಿದೆ, ಅವರಿಗೆ ಕೇಳಿಸಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ 'ಹೂಂ' ಅಂದು ಇಟ್ಟುಬಿಡುತ್ತಾರೆ. ಮೂರು ಎಂದರೋ ಆರು ಎಂದರೋ ಎಂದು ಈಗ ಕೇಳಬೇಡಿ. ಪುಸ್ತಕದಲ್ಲಿ ಮೂರು ಎಂದಿದೆ.

"ಏನಂತೆ?" ಎಂದಳು ಗಿರಿಜಾ.

"ಮೂರು ವಾರದೊಳಗೆ ಕಾರಿನ ಮೇಲೆ ಆಂಟೆನಾ ಹಾಕಬೇಕು. ಇಲ್ಲದಿದ್ರೆ ರುದ್ರಣ್ಣ ಸೆಟ್ಟು ಗಂಟು ಕಟ್ಟಿ ಇಡ್ತಾರೆ."

"ಹಾಕ್ಕೊಳ್ರಿ. ನನ್ನ ಕಾರಿಗೆ ಒಂದು ತೂತು ಬೀಳಬಾರ್ದು, ಅಷ್ಟೇ."

ಅಷ್ಟೇ! ಕಾರಿನ ಆಂಟೆನಾ ಎಂಬ ಶಾಸ್ತ್ರದಲ್ಲಿ ಅರ್ಧ ಅಧ್ಯಾಯ ಬರೀ ತೂತಿನ ಬಗ್ಗೆಯೇ ಇದೆ. ಕಾರಿನ ಮಾಡಿನ ನಟ್ಟನಡುವೆ ಒಂದು ತೂತು ಕೊರೆದು ಕಡ್ಡಿ ನೆಟ್ಟರೆ ಸುತ್ತಲಿನ ತಗಡೆಲ್ಲ ಅದಕ್ಕೆ ನೆಲವಾಗುತ್ತದೆ, ಅಲೆ ನಾಲ್ಕೂ ದಿಕ್ಕಿಗೆ ಸಮವಾಗಿ ಹೋಗುತ್ತದೆ. ತೂತು ಬೇಡವೆಂದರೆ ಅಯಸ್ಕಾಂತದ ಬುಡ. ಈ ಕಾರು ಕೊಳ್ಳುವಾಗ ನಾನು ಶೋರೂಮಿಗೆ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿನಿಂದ ಒಂದು ಅಯಸ್ಕಾಂತ ಕಿತ್ತುಕೊಂಡು ಹೋಗಿದ್ದೆ. ಕಾರುಗಳ ನೆತ್ತಿಯ ಮೇಲೆಲ್ಲ ಅದನ್ನು ಇಟ್ಟು ನೋಡುತ್ತಿದ್ದಾಗ, "ಸಾರ್, ಎಂಜಿನ್ ನೋಡಲ್ವಾ?" ಎಂದು ಅಲ್ಲಿನ ಹುಡುಗಿ ಮೆಲ್ಲಗೆ ಕೇಳಿದ್ದಳು. ಅಷ್ಟು ಮುಂದಾಲೋಚನೆ ಮಾಡಿಯೂ ಆದದ್ದೇನು? ಗಿರಿಜಾ ಆರಿಸಿದ್ದು ಮಾಡಿನ ನಡುವೆ ದೊಡ್ಡ ಗಾಜಿರುವ ಕಾರು. "ಆಕಾಶ ಕಾಣುತ್ತೆ ರೀ," ಎಂದಿದ್ದಳು. ಆಕಾಶ ಕಾಣುತ್ತದೆ. ಗಾಜಿಗೆ ಅಯಸ್ಕಾಂತ ಅಂಟುವುದಿಲ್ಲ.

ಸಲಹೆ ಕೇಳಲು ಗುಬ್ಬಿಗೆ ಹೋದೆ. ಅಲ್ಲಿ ಚಂದ್ರು ಇದ್ದಾನೆ. ಹಾರ್ಡ್‌ವೇರ್ ಅಂಗಡಿ, ನಮ್ಮದೇ ಗೀಳು, ಗೋಡೌನಿನಲ್ಲಿ ಪೈಂಟ್ ಡಬ್ಬಗಳ ಹಿಂದೆ ಹತ್ತಾರು ಆಂಟೆನಾ. ನಾನು ವಿಷಯ ಹೇಳುವ ಮೊದಲೇ ಡ್ರಿಲ್ ಎತ್ತಿಕೊಂಡ.

"ಎಲ್ಲಪ್ಪ ಕಾರು? ಎರಡು ನಿಮಿಷದ ಕೆಲ್ಸ."

"ತೂತು ಕೊರೆಯೋ ಹಂಗಿಲ್ಲ ಚಂದ್ರು."

"ತೂತಿಲ್ದಿರೋ ಆಂಟೆನಾ ಬುಡ ಇಲ್ದಿರೋ ಚೊಂಬು ಕಣೋ. ಒಂದ್ ಕೆಲ್ಸ ಮಾಡು, ಹೆಂಡ್ತಿಗೆ ಹೇಳ್ಬೇಡ. ಮಳೆಗಾಲದಲ್ಲಿ ಸೋರ್ದಾಗ ತಾನಾಗೆ ಗೊತ್ತಾಯ್ತದೆ."

ಕೊನೆಗೆ ಅಯಸ್ಕಾಂತದ ಬುಡವನ್ನೂ, ಅದಕ್ಕೆ ಬೇಕಾದ ಕಡ್ಡಿಯನ್ನೂ ನೋಡಿದೆವು. ಗಿಡ್ಡ, ಮಧ್ಯಮ, ಉದ್ದ, ಎಲ್ಲ ಇದ್ದವು. ನಾನು ಒಂದು ಗಳಿಗೆಯೂ ಯೋಚಿಸದೆ ಉದ್ದದ್ದನ್ನೇ ಎತ್ತಿಕೊಂಡೆ. ಅದಕ್ಕೆ ಕಾರಣ ಲೆಕ್ಕವಲ್ಲ, ಲಾಭವಲ್ಲ. ಅಪ್ಪನ ಜೀಪು.

ನಮ್ಮಪ್ಪ ಸರ್ಕಾರಿ ಜೀಪಿನ ಡ್ರೈವರ್. ಆ ಜೀಪಿನ ಹಿಂದೆ ಒಂದು ಭಾರಿ ಆಂಟೆನಾ ಇತ್ತು. ತುದಿಯನ್ನು ಮುಂದಕ್ಕೆ ಬಾಗಿಸಿ ದಾರದಲ್ಲಿ ಕಟ್ಟಿರುತ್ತಿತ್ತು. ಗುಬ್ಬಿ ರಸ್ತೆಯ ಹುಣಸೆಮರಗಳ ಕೆಳಗೆ ಹೋಗುವಾಗ ಅದು ಎಲೆಗಳಿಗೆ ತಾಗಿ ಸರ್ರೆನ್ನುತ್ತಿತ್ತು, ನನ್ನ ತಲೆಯ ಮೇಲೆ ಹುಣಸೆಯ ಪುಡಿ ಎಲೆ ಉದುರುತ್ತಿತ್ತು. ಇದನ್ನು ನಾನು ರೇಡಿಯೊದಲ್ಲಿ ಎಷ್ಟು ಸಲ ಹೇಳಿದ್ದೇನೋ. ನಾನು ಈ ಗೀಳಿಗೆ ಬಿದ್ದದ್ದು ಅವತ್ತೇ ಎಂದು ಎದೆ ತಟ್ಟಿಕೊಂಡು ಹೇಳಿದ್ದೇನೆ.

ಕಡ್ಡಿಯನ್ನು ಹೆಗಲ ಮೇಲಿಟ್ಟುಕೊಂಡು ಗುಬ್ಬಿಯಲ್ಲೇ ಇರುವ ಶಾರದಕ್ಕನ ಮನೆಗೆ ಕಾಫಿಗೆ ಹೋದೆ. ನನಗಿಂತ ಏಳು ವರ್ಷ ದೊಡ್ಡ ಅಕ್ಕ.

"ಏನ್ಲಾ ಅದು, ದೊಣ್ಣೆ?"

"ಆಂಟೆನಾ ಕಣಕ್ಕ. ಅಪ್ಪನ ಜೀಪಿಗಿತ್ತಲ್ಲ, ಆ ಥರದ್ದು."

ಅಕ್ಕ ಲೋಟ ಕೆಳಗಿಟ್ಟಳು. "ಅಪ್ಪನ ಜೀಪಿಗಾ? ಅದ್ಯಾವ ಆಂಟೆನಾನೋ! ಅದು ಹುಣಸೆಹಣ್ಣು ಬಡಿಯೋ ಬಿದಿರಿನ ಗಳ. ಸಾಹೇಬ್ರು ಇಳಿದು ಹೋದ್ಮೇಲೆ ಅಪ್ಪ ರಸ್ತೆ ಬದೀಲಿ ನಿಲ್ಸಿ ಹುಣಸೆ ಬಡೀತಿದ್ರು. ಮೂಟೆ ಮೇಲೆ ನಿನ್ನ ಕೂರಿಸ್ಕೊಂಡು ಬರೋರು. ಅಮ್ಮ ಅದನ್ನೇ ವರ್ಷವೆಲ್ಲ ಸಾರಿಗೆ ಹಾಕ್ತಿದ್ಲು."

"ದಾರ ಕಟ್ಟಿತ್ತಲ್ಲಕ್ಕ?"

"ಗಳ ಬೀಳ್ದೇ ಇರ್ಲಿ ಅಂತ ಕಟ್ಟಿದ್ರಪ್ಪ!"

ಇಪ್ಪತ್ತು ವರ್ಷ ನಾನು ಗಾಳಿಯಲ್ಲಿ ಬಿತ್ತರಿಸಿದ ಕಥೆ ಹೀಗೆ ಒಂದು ಲೋಟ ಕಾಫಿಯ ಹೊತ್ತಿನಲ್ಲಿ ಹುಣಸೆಹಣ್ಣಾಯಿತು. ನಾನು ಸುಮ್ಮನೆ ಒಪ್ಪಲಿಲ್ಲ, ಅಕ್ಕನನ್ನೂ ಅಳತೆಗೆ ಹಾಕಿ ನೋಡಿದೆ. ಜೀಪಿನ ಬಣ್ಣ ಯಾವುದಿತ್ತು? ನೀಲಿ ಎಂದಳು. ಹಸಿರು, ಅದು ನನಗೆ ಖಾತ್ರಿ. ಆದರೆ ಆಂಟೆನಾ ಕೂಡ ನನಗೆ ಖಾತ್ರಿಯೇ ಆಗಿತ್ತಲ್ಲ. ಇಬ್ಬರೂ ಸೇರಿ ಬಣ್ಣವಿಲ್ಲದ ಒಂದು ಜೀಪನ್ನು ಉಳಿಸಿಕೊಂಡೆವು. ಆ ಕ್ಷಣವೇ ತಿರುಗಿ ಹೋಗಿ ಕಡ್ಡಿ ಬದಲಿಸಬಹುದಿತ್ತು. ಬದಲಿಸಲಿಲ್ಲ. ನೆನಪು ಸುಳ್ಳಾದರೂ ಅದರ ಬಿಗುಮಾನ ಬೇಗ ಇಳಿಯುವುದಿಲ್ಲ.

ಮೊದಲ ಬುಧವಾರ. ಗಾಜಿನ ಹಿಂದೆ ಉಳಿದಿದ್ದ ಅಂಗೈಯಗಲದ ತಗಡಿನ ಮೇಲೆ ಅಯಸ್ಕಾಂತ ಕೂರಿಸಿ, ಅದರ ಮೇಲೆ ಒಂದೂವರೆ ಮೀಟರ್ ಕಡ್ಡಿ ನಿಲ್ಲಿಸಿ, ತಂತಿಯನ್ನು ಬಾಗಿಲ ಸಂದಿಯಿಂದ ಒಳಗೆ ತಂದು ಹೊರಟೆವು. ಕುಣಿಗಲ್ ದಾಟುವವರೆಗೆ ನಾನು ರಾಜ. ರಸ್ತೆಯಲ್ಲಿ ಹೋಗುವವರೆಲ್ಲ ಪೊಲೀಸರ ಗಾಡಿಯೇನೋ ಎಂದು ನೋಡುತ್ತಿದ್ದರು. ಎಂಟೂವರೆಗೆ ರುದ್ರಣ್ಣನ ದನಿ ಬಂತು, ಹೋಯಿತು, ಬಂತು, ಹೋಯಿತು; ಜೋಕಾಲಿಯಲ್ಲಿ ಕೂತು ಮಾತಾಡುವವರ ಹಾಗೆ. ಬೇವಿನಮರದ ಬಾಗಿದ ಕೊಂಬೆಯೊಂದು ಎದುರಾಯಿತು. ಮೇಲೆ ದಡ್ ಎಂದ ಸದ್ದು. ಆಮೇಲೆ ಏನೂ ಇಲ್ಲ. ಹಿಂದಿನಿಂದ ಲಾರಿಯವನೊಬ್ಬ ಒಂದೇ ಸಮನೆ ಹಾರನ್ ಬಾರಿಸಿದ. ಗಿರಿಜಾ ಕನ್ನಡಿ ನೋಡಿ ಕಾರು ನಿಲ್ಲಿಸಿದಳು.

"ನಿಮ್ಮ ಬಾಲ ಬಿದ್ದಿದೆ," ಎಂದಳು.

ತಂತಿಯಲ್ಲಿ ನೇತಾಡುತ್ತಾ, ಹಿಂದಿನ ಬಾಗಿಲಿಗೆ ಬಡಿಯುತ್ತಾ ಕಡ್ಡಿ ಬಂದಿತ್ತು. ಬಾಗಿಲ ಮೇಲೆ ಉದ್ದಕ್ಕೆ ಒಂದು ಬಿಳಿ ಗೀರು. ಗಿರಿಜಾ ಅದರ ಮೇಲೆ ಬೆರಳಾಡಿಸಿದಳು.

"ಇದು ತೂತಲ್ಲ," ಎಂದೆ.

"ಹೌದು, ಗೀರು. ನಿಮಗೆ ಮಾತು ಕೊಡುವಾಗ ಗೀರಿನ ವಿಷಯ ಬಂದಿರ್ಲಿಲ್ಲ. ನನ್ನದೇ ತಪ್ಪು."

ಉದ್ದದ ಆಂಟೆನಾ ಯಾಕೆ ಜೋಕಾಲಿಯಾಡಿತು ಎಂಬುದು ಆಮೇಲೆ ಹೊಳೆಯಿತು. ತುಮಕೂರಿನವನಾಗಿ ಅದನ್ನು ಹೀಗೆ ಹೇಳಬಲ್ಲೆ. ಅಲೆ ಎಂದರೆ ಹಿಟ್ಟು. ಉದ್ದದ ಕಡ್ಡಿ ಅದನ್ನು ದೋಸೆ ಹೊಯ್ಯುತ್ತದೆ: ತೆಳ್ಳಗೆ, ದೂರದೂರಕ್ಕೆ, ನೆಲಕ್ಕೆ ಅಂಟಿದ ಹಾಗೆ. ಬಯಲುಸೀಮೆಗೆ ಅದೇ ಸರಿ. ಆದರೆ ರುದ್ರಣ್ಣ ಇರುವುದು ಬೆಟ್ಟದ ಮಗ್ಗುಲಲ್ಲಿ, ಮೇಲೆ. ಕಾರು ಹಳ್ಳಕ್ಕೆ ಇಳಿದು ಕುಲುಕಿದರೆ ದೋಸೆ ಅವರ ಕಾಲ ಕೆಳಗೋ ತಲೆಯ ಮೇಲೋ ಹೋಗಿಬಿಡುತ್ತದೆ. ಗಿಡ್ಡ ಕಡ್ಡಿ ಮಾಡುವುದು ಇಡ್ಲಿ: ಅಗಲ ಕಡಿಮೆ, ಆದರೆ ಎತ್ತರಕ್ಕೂ ಉಬ್ಬುತ್ತದೆ. ಬೆಟ್ಟದವರಿಗೆ ಇಡ್ಲಿಯೇ ಸರಿ ಎಂದು ತೀರ್ಮಾನಿಸಿ, ಚಂದ್ರುವಿನಿಂದ ಒಂದೂವರೆ ಅಡಿಯ ಗಿಡ್ಡ ಕಡ್ಡಿ ತರಿಸಿಕೊಂಡೆ. ಉದ್ದದ್ದು ಹಿತ್ತಲಿಗೆ ಹೋಯಿತು.

ಈಗ ಹೇಳುವ ತಪ್ಪು ಬೇರೆ ಯಾವ ಕಸುಬಿನವರೂ ಮಾಡಲಾರರು. ಗಿಡ್ಡ ಕಡ್ಡಿಯನ್ನು ನಮ್ಮ ಅಲೆಗೆ ಹೊಂದುವಷ್ಟು ಉದ್ದಕ್ಕೆ ಕತ್ತರಿಸಿಕೊಳ್ಳಬೇಕು. ಹೊಂದಿತೋ ಇಲ್ಲವೋ ಎಂದು ಹೇಳಲು ಒಂದು ಮೀಟರು ಇದೆ. ನಾನು ಮನೆಯ ಮುಂದೆ, ಕಾರು ನಿಲ್ಲಿಸುವ ಜಿಂಕ್ ಶೀಟಿನ ಕೆಳಗೇ ಕೂತು ಅಳೆದೆ. ಮೀಟರು ತಪ್ಪು ಎಂದಿತು. ಒಂದು ಸೆಂಟಿಮೀಟರ್ ಕತ್ತರಿಸಿದೆ. ಇನ್ನೂ ತಪ್ಪು. ಮತ್ತೊಂದು. ಮತ್ತೊಂದು. ಮೂವತ್ತು ವರ್ಷದ ಅನುಭವದ ನೆಮ್ಮದಿಯಲ್ಲಿ ಕತ್ತರಿಸಿದೆ, ಕೊನೆಗೆ ಮೀಟರು ಸೈ ಎಂದಿತು. ತಲೆಯ ಮೇಲಿದ್ದ ಜಿಂಕ್ ಶೀಟೂ ತಗಡೇ, ಅದೂ ಅಲೆಯನ್ನು ಕೆಡಿಸುತ್ತದೆ ಎಂಬುದು ಆ ಅನುಭವಕ್ಕೆ ಹೊಳೆಯಲಿಲ್ಲ. ನಾನು ಮಾಡಿದ್ದು ಜಿಂಕ್ ಶೀಟಿನ ಕೆಳಗೆ ಮಾತ್ರ ಕೆಲಸ ಮಾಡುವ ಆಂಟೆನಾ. ಬಯಲಿಗೆ ಬಂದರೆ ಅದು ಗಿಡ್ಡವೆಂದರೆ ಗಿಡ್ಡ. ಕತ್ತರಿಸಿದ್ದನ್ನು ಬೆಳೆಸಲು ಅದೇನು ಹಾಗಲಬಳ್ಳಿಯೇ?

ಎರಡನೆಯ ಬುಧವಾರ ಅದನ್ನು ಹಾಕಿಕೊಂಡು ಹೋದೆವು. ಅಂಥ ಕಡ್ಡಿಗೆ ಕಿವಿ ಇರುತ್ತದೆ, ಬಾಯಿ ಇರುವುದಿಲ್ಲ. ಹೊಂದದ ಕಡ್ಡಿ ಸಿಕ್ಕಿದರೆ ಸೆಟ್ಟು ತಾನು ಸುಟ್ಟುಹೋಗದಿರಲು ದನಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ಎಂಟೂವರೆಗೆ ರುದ್ರಣ್ಣ ನನಗೆ ಪಕ್ಕದ ಸೀಟಿನಲ್ಲಿ ಕೂತ ಹಾಗೆ ಕೇಳಿಸಿದರು. ನಾನು ಅವರಿಗೆ ಕೇಳಿಸಲಿಲ್ಲ.

"ಪರಮೇಶಿ, ಇದೀಯೇನ್ಲಾ?"

"ಇದೀನಿ ರುದ್ರಣ್ಣ, ಇದೀನಿ! ಓವರ್!"

"ಇಲ್ಲ… ಯಾರಾದ್ರೂ ಕೇಳ್ತಿದ್ರೆ ಹೇಳಿ."

"ಕೇಳ್ತಿದೀನಿ ರುದ್ರಣ್ಣ!"

"ಯಾರೂ ಇಲ್ಲ." ಸೆಟ್ಟಿನ ಗುಂಡಿಯನ್ನು ಬಿಡದೆ ಒತ್ತಿಕೊಂಡೇ ಇದ್ದರು. ಅವರ ಉಸಿರು, ಅದರ ಹಿಂದೆ ಎದುರು ಮನೆಯ ಗೇಟಿನ ಕೀರಲು, ಎರಡೂ ಕೇಳಿದವು. ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ, "ಎಮ್ಮೆ ಕರ ಹಾಕೈತೆ. ಯಾರ್ಗ್ ಹೇಳ್ಲಿ," ಎಂದು ಆರಿಸಿಬಿಟ್ಟರು.

ನಾನು ಪುಸ್ತಕ ತೆಗೆದೆ, ಏನು ಬರೆಯುವುದೆಂದು ತೋಚಲಿಲ್ಲ. 'ಕೇಳಿಸಿತು' ಎಂದು ಬರೆದೆ. ಅದು ಯಾವ ಅಳತೆಗೂ ಸೇರದ ಮಾತು.

ಭಾನುವಾರ ಹೆದ್ದಾರಿ ಬದಿಯ ಹೋಟೆಲಿನಲ್ಲಿ ತಿಂಡಿಗೆ ಕೂತಾಗಲೂ ನನ್ನ ತಲೆಯಲ್ಲಿ ಅದೇ. ದೋಸೆ ಆಗಲಿಲ್ಲ, ಇಡ್ಲಿ ಕೆಟ್ಟಿತು ಎಂದು ಗಿರಿಜಾಗೆ ಎರಡನೆಯ ಸಲ ವಿವರಿಸುತ್ತಿದ್ದೆ. ಮಾಣಿ ಎರಡು ತಟ್ಟೆ ಇಡ್ಲಿ ತಂದಿಟ್ಟ. ಗಿರಿಜಾ ಬೆರಳಿನಿಂದ ತನ್ನ ತಟ್ಟೆ ತೋರಿಸಿದಳು.

"ಇದೇನು ರೀ?"

"ತಟ್ಟೆ ಇಡ್ಲಿ."

"ದೋಸೆಯಷ್ಟು ತೆಳ್ಳಗಿಲ್ಲ, ಇಡ್ಲಿಯಷ್ಟು ಚಿಕ್ಕದಿಲ್ಲ. ನಿಮ್ಮ ಕಡ್ಡಿಗಳಲ್ಲಿ ಮಧ್ಯದ್ದು ಯಾವುದೂ ಇಲ್ವಾ? ಎಂಟನೇ ಕ್ಲಾಸಿನವರು ಇಷ್ಟು ಹೊತ್ತಿಗೆ ಸರಾಸರಿ ತೆಗೀತಿದ್ರು."

ಇತ್ತು. ಚಂದ್ರುವಿನ ಗೋಡೌನಿನಲ್ಲಿ ಮೂರು ಅಡಿ ಚಿಲ್ಲರೆಯ ಒಂದು ಕಡ್ಡಿ ಇತ್ತು. ನಾನು ಮೊದಲ ದಿನ ಅದನ್ನು ಕೈಯಿಂದ ಸರಿಸಿ ಉದ್ದದ್ದನ್ನು ಎತ್ತಿಕೊಂಡಿದ್ದೆ. ಅದರ ಹೆಚ್ಚುಗಾರಿಕೆ ಎಂದರೆ, ನಮ್ಮ ಅಲೆಗೆ ಅದು ಸರಿಯಾಗಿ ಅರ್ಧದಷ್ಟು ಉದ್ದ. ಅಂಥದಕ್ಕೆ ಸುತ್ತಲೂ ತಗಡಿನ ನೆಲ ಇರಲೇಬೇಕು ಎಂಬ ಹಟವಿಲ್ಲ. ಮಾಡಿನ ನಡುವೆ ಬೇಡ, ಡಿಕ್ಕಿ ಬಾಗಿಲಿನ ಅಂಚಿಗೆ ಕ್ಲಿಪ್ಪಿನಲ್ಲಿ ಕಚ್ಚಿಸಿದರೂ ಸಾಕು. ತೂತಿಲ್ಲ. ಇಷ್ಟು ತಿಳಿದಿದ್ದೂ ಅದನ್ನು ಮುಟ್ಟದೆ ಬಂದವನು ನಾನು, ಬಿದಿರಿನ ಗಳವೊಂದರ ಮರ್ಯಾದೆಗಾಗಿ.

ಚಂದ್ರು ಅದನ್ನು ಕೊಡುವಾಗ ಗಂಟಲು ತಗ್ಗಿಸಿದ. "ತೂತಿಲ್ದೆ ಇದು ಕೆಲ್ಸ ಮಾಡ್ತದೆ, ನಿಜ. ನಾನು ಹೇಳ್ದೆ ಅಂತ ಯಾರ ಹತ್ರನೂ ಅನ್ಬೇಡ. ನಂಗೊಂದು ಮಾತಿನ ಬೆಲೆ ಐತೆ ಗುಬ್ಬೀಲಿ." ಕ್ಲಿಪ್ಪಿನ ತಿರುಪು ಬಣ್ಣ ಕೆರೆಯದಿರಲಿ ಎಂದು ಹಳೆಯ ಸೈಕಲ್ ಟ್ಯೂಬಿನ ಚೂರೊಂದನ್ನು ಅವನೇ ಕತ್ತರಿಸಿ ಅಡಿಗೆ ಇಟ್ಟ. ಜಿಂಕ್ ಶೀಟಿನ ಕಥೆ ಕೇಳಿ ನಕ್ಕು ನಕ್ಕು ಸಿಮೆಂಟ್ ಮೂಟೆಯ ಮೇಲೆ ಕೂತುಬಿಟ್ಟವನು, ಆಮೇಲೆ ತಾನೇ ಜೊತೆಗೆ ಬಂದು, ಊರಾಚೆ ರಾಗಿ ಕೊಯ್ದಿದ್ದ ಒಂದು ಹೊಲದಲ್ಲಿ ಕಾರು ನಿಲ್ಲಿಸಿ ಮೀಟರು ನೋಡಿದ. ಎರಡೂ ಅಲೆಗಳಿಗೂ ಸರಿಯಾಗಿತ್ತು. ಒಂದರಲ್ಲಿ ರುದ್ರಣ್ಣ, ಇನ್ನೊಂದರಲ್ಲಿ ಬೇಕಾದರೆ ಚಂದ್ರು. ಈ ಸಲ ನಾನು ಏನನ್ನೂ ಕತ್ತರಿಸಲಿಲ್ಲ. ಕಟಿಂಗ್ ಪ್ಲೇಯರ್ ಅವನ ಜೇಬಿನಲ್ಲಿತ್ತು.

ಮೂರನೆಯ ಬುಧವಾರ. ಕುಣಿಗಲ್ ದಾಟಿದೆವು. ಎಂಟು ಇಪ್ಪತ್ತೈದು. ನನ್ನ ಲೆಕ್ಕದ ಪ್ರಕಾರ ಶಾಲೆಯ ಹತ್ತಿರ, ಬೆಟ್ಟಕ್ಕೆ ಆದಷ್ಟು ಸಮೀಪ ಹೋಗಿ ಮಾತಾಡಬೇಕು. ನಕ್ಷೆಯಲ್ಲಿ ಗೆರೆ ಎಳೆದು ಗುರುತು ಹಾಕಿಟ್ಟಿದ್ದೆ. ಗಿರಿಜಾ ಅದಕ್ಕೂ ಮೊದಲೇ, ಒಂದು ಏರಿನ ನೆತ್ತಿಯಲ್ಲಿ, ಬಸ್ ತಂಗುದಾಣದ ಪಕ್ಕ ಕಾರನ್ನು ಎಡಕ್ಕೆ ತೆಗೆದು ನಿಲ್ಲಿಸಿದಳು.

"ಇಲ್ಲಲ್ಲ, ಇನ್ನೂ ಮುಂದೆ," ಎಂದೆ.

"ಶಾಲೆ ಇರೋದು ತಗ್ಗಲ್ಲಿ. ಅಲ್ಲಿ ಎಫ್‌ಎಂ ಹಾಡೇ ಬರಲ್ಲ. ಆರು ವರ್ಷದಿಂದ ದಿನಾ ಓಡಾಡ್ತಿದೀನಿ, ಕುಣಿಗಲ್ ಬಿಟ್ಟ ಮೇಲೆ ಬೆಂಗಳೂರಿನ ಹಾಡು ಒಂಚೂರೂ ಗೊರ ಅನ್ನದೆ ಕೇಳೋದು ಈ ಬಸ್‌ಸ್ಟಾಪ್ ಹತ್ರ ಮಾತ್ರ. ಅರ್ಧ ಹಾಡು ಇಲ್ಲೇ ಮುಗಿಸ್ಕೊಂಡು ಹೋಗ್ತೀನಿ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಅಯಸ್ಕಾಂತ ಕೇಳಿದ್ರಿ, ತೂತು ಕೇಳಿದ್ರಿ. ರಸ್ತೆ ಕೇಳ್ಲಿಲ್ಲ."

ಎಂಟೂವರೆ. ಸೆಟ್ಟು ಸುಮ್ಮನಿತ್ತು. ಎಂಟು ಮೂವತ್ತೆರಡು. ಮೂರು ಬುಧವಾರದಲ್ಲಿ ಇವತ್ತಿನದೂ ಸೇರಿತ್ತೋ, ಹೋದ ವಾರಕ್ಕೇ ಮುಗಿಯಿತೋ? ಪುಸ್ತಕ ತೆರೆದು ನೋಡಿದೆ. ಅದರಲ್ಲಿ ಮೂರು ಎಂದಿದೆಯೇ ಹೊರತು, ಎಲ್ಲಿಂದ ಎಣಿಸಬೇಕೆಂದು ನಾನು ಬರೆದಿರಲಿಲ್ಲ. ಬರೆದದ್ದನ್ನೇ ನಂಬಿ ಎಂದು ನಿಮಗೆ ಅಷ್ಟು ಗತ್ತಿನಲ್ಲಿ ಹೇಳಿದ್ದೆನಲ್ಲ, ಆ ಗತ್ತು ಅಲ್ಲಿ ಬಸ್‌ಸ್ಟಾಪಿನಲ್ಲಿ ಇಳಿದು ಹೋಯಿತು. ಅವರು ಕರೆಯುವುದಕ್ಕೆ ಕಾಯದೆ ನಾನೇ ಗುಂಡಿ ಒತ್ತಿದೆ.

"ರುದ್ರಣ್ಣ, ರುದ್ರಣ್ಣ. ಪರಮೇಶಿ. ಕಾರಿಂದ. ಇದೀರಾ? ಓವರ್."

ಏನೂ ಇಲ್ಲ. ಮತ್ತೊಮ್ಮೆ ಕರೆದೆ. ಏನೂ ಇಲ್ಲ. ತಂಗುದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಕಾರಿನ ಹತ್ತಿರ ಬಂದು, ಕಿಟಕಿಯಲ್ಲಿ ಬಗ್ಗಿ ನೋಡಿ, "ಯಾರ್ನ ಕರೀತಾ ಇದೀಯಪ್ಪ, ಪೋನ್ ಇಲ್ವಾ?" ಎಂದು ಕೇಳಿದಳು.

ಆಗ ಸೆಟ್ಟು ಕೆಮ್ಮಿತು.

"ಏನ್ಲಾ ಪರಮೇಶಿ! ಎಲ್ ಸತ್ತೋಗಿದ್ಯಲಾ ಇಷ್ಟು ದಿನ? ಪೂಜೆ ಇನ್ನೂ ಮುಗ್ದಿರ್ನಿಲ್ಲ, ಒಳಗಿಂದ ಕೇಳಿ ಓಡ್ಬಂದೆ ಕಣೋ. ಮಂಡಿ ಒಂದು ನಿಮಿಸ ತಡೀಲಿ. ಓವರ್."

ಅವರು 'ಓವರ್' ಎಂದು ಹೇಳಿದ್ದರು. ಮರೆತಿರಲಿಲ್ಲ. ನಾನು ಕೇಳಬೇಕಾದ್ದನ್ನೇ ಕೇಳಿದೆ: "ನನ್ನ ದನಿ ಹೆಂಗೈತೆ ರುದ್ರಣ್ಣ? ಓವರ್."

ರುದ್ರಣ್ಣ ಮತ್ತೆ ಟರ್ನರ್ ಆದರು.

"ಐದು–ಏಳು. ಒಂಬತ್ತು ಕೊಡಕ್ಕಾಗಕಿಲ್ಲ, ಒಂಚೂರು ಸೊರಸೊರ ಅಂತೈತೆ. ಎಲ್ಲೋ ತಪ್ಪು ಮಡಗಿದೀಯ, ನೋಡ್ಕೊ. ಮುಂದಿನ ಬುಧ್ವಾರ ಮತ್ತೆ ನೋಡ್ತೀನಿ."

ಮುಂದಿನ ಬುಧವಾರ. ಪುಸ್ತಕದಲ್ಲಿ ಬರೆದುಕೊಂಡೆ, ಕೆಳಗೆ ಎರಡು ಗೆರೆ ಎಳೆದೆ.

"ಏನದು ಐದು–ಏಳು?" ಎಂದಳು ಗಿರಿಜಾ.

"ಒಂಬತ್ತಕ್ಕೆ ಎರಡು ಕಮ್ಮಿ."

"ಆ ಎರಡು ಎಲ್ಲಿ ಹೋಯ್ತು?"

ನನ್ನ ಕಣ್ಣು ತಾನಾಗಿ ಮೇಲೆ, ಮಾಡಿನ ನಡುವಿನ ಗಾಜಿನ ಕಡೆಗೆ ಹೋಯಿತು. ಅವಳು ಅದನ್ನು ನೋಡಿದಳು.

"ತೂತಿಲ್ಲ," ಎಂದಳು.

ಗಂಟೆ ಎಂಟು ನಲವತ್ತು. ಗಿರಿಜಾಳ ಶಾಲೆಯಲ್ಲಿ ತಡವಾಗಿ ಬರುವ ಮಕ್ಕಳನ್ನು ಗೇಟಿನಲ್ಲಿ ನಿಲ್ಲಿಸುವವಳು ಅವಳೇ. ಎಂಜಿನ್ ಚಾಲೂ ಮಾಡಿ ಕೈಯನ್ನು ಗಿಯರಿನ ಮೇಲೆ ಇಟ್ಟಳು. ಆಗ ಸೆಟ್ಟು ಮತ್ತೆ ಮಾತಾಡಿತು, ಸ್ವಲ್ಪ ತಗ್ಗಿದ ದನಿಯಲ್ಲಿ, ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಸಂಗತಿಯನ್ನು ತೆಗೆಯುವ ಹಾಗೆ.

"ಇದೀಯೇನ್ಲಾ? ನಿಂಗೊಂದು ಇಸ್ಯ ಹೇಳ್ಬೇಕು. ಎಮ್ಮೆ ಕರ ಹಾಕೈತೆ ಕಣೋ!"

ಗಿರಿಜಾ ನನ್ನ ಮುಖ ನೋಡಿದಳು. ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ನಾನು ಗುಂಡಿ ಒತ್ತಿದೆ.

"ಹೌದಾ ರುದ್ರಣ್ಣ! ಯಾವಾಗ? ಓವರ್."